ಮರಳು, ಜೆಲ್ಲಿ, ಬೋರ್‌ವೆಲ್ ಬಿರುಕು: ಒಳಗೆ ಹರಿಯೋ ನೀರಿಗೆ ಜಡತ್ವ ಏನ್ ಮಾಡುತ್ತೆ? ಪದೇ ಪದೇ ಕೇಳುವ ಪ್ರಶ್ನೆಗಳು

ಮಂಡ್ಯ ಕಡೆ ಬೋರ್‌ವೆಲ್, ಡ್ರಿಪ್ ಫಿಲ್ಟರ್ ಕೆಲಸ ಮಾಡೋರು ಒಂದ್ ಕಡೆ, ಮೈಸೂರಲ್ಲಿ ಸಿವಿಲ್, ಮೆಕ್ಯಾನಿಕಲ್ ಓದೋ ಹುಡುಗ್ರು ಹುಡುಗೀರು ಇನ್ನೊಂದ್ ಕಡೆ, ಇಬ್ರೂ ಬೇರೆ ಬೇರೆ ಮಾತಲ್ಲಿ ಕೇಳೋದು ಒಂದೇ ವಿಷಯ: ಲೆಕ್ಕದಲ್ಲಿ ಬರೋಷ್ಟು ನೀರು ನಿಜವಾಗ್ಲೂ ಯಾಕೆ ಬರ್ತಿಲ್ಲ. ಇದಕ್ಕೆ ಕಾರಣ ಹಲವು ಇರುತ್ತೆ, ಅದರಲ್ಲಿ ಜನ ಲೆಕ್ಕಕ್ಕೇ ತಗೊಳ್ಳದೆ ಬಿಡೋದು ನೀರಿನ ಜಡತ್ವ, ಅಂದ್ರೆ ಹರಿತಿರೋ ನೀರು ಅದೇ ದಿಕ್ಕಲ್ಲಿ ಅದೇ ವೇಗದಲ್ಲೇ ಹೋಗೋಕೆ ನೋಡೋ ಗುಣ, ಹಾಗಾಗಿ ಅದೊಂದನ್ನೇ ಹಿಡ್ಕೊಂಡು ಇಲ್ಲಿ ಉತ್ತರ ಬರ್ದಿದೀನಿ.

ಮೊದ್ಲು ಡಾರ್ಸಿ ನಿಯಮ ಏನ್ ಹೇಳುತ್ತೆ ಹೇಳಿ ಸರ್, ಮರ್ತೋಗಿದೆ

ಫ್ರಾನ್ಸಿನ ದಿಜೋನ್ ಊರಿನ ಇಂಜಿನಿಯರ್ ಹೆನ್ರಿ ಡಾರ್ಸಿ 1856ರಲ್ಲಿ ಮರಳು ತುಂಬಿದ ಪೈಪಲ್ಲಿ ನೀರು ಬಿಟ್ಟು ನೋಡಿದ್ದನ್ನ ಪ್ರಕಟ ಮಾಡಿದ್ರು. ಮರಳಿನ ಮೇಲೂ ಕೆಳಗೂ ಇರೋ ನೀರಿನ ಮಟ್ಟದ ವ್ಯತ್ಯಾಸ ಎರಡು ಪಟ್ಟು ಆದ್ರೆ ಹರಿಯೋ ನೀರೂ ಎರಡು ಪಟ್ಟು, ಮೂರು ಪಟ್ಟಾದ್ರೆ ಮೂರು ಪಟ್ಟು, ಅಷ್ಟೇ. ಸರಳ ರೇಖೆ. ಇಲ್ಲಿ ನೀರನ್ನ ತಡೆಯೋದು ಸ್ನಿಗ್ಧತೆ ಮಾತ್ರ, ಅಂದ್ರೆ ಕಾಳುಗಳ ಮೈಗೆ ಅಂಟಿ ಉಜ್ಜಿಕೊಂಡು ಹೋಗೋದ್ರಿಂದ ಆಗೋ ತಡೆ. ಅಂತರ್ಜಲದ ಮುಕ್ಕಾಲುಪಾಲು ಲೆಕ್ಕ ಇದರ ಮೇಲೇ ನಿಂತಿದೆ, ನಿಲ್ಲಬೇಕಾದ್ದೇ.

ಹಾಗಿದ್ರೆ ಜಡತ್ವ ಎಲ್ಲಿಂದ ಬಂತು?

ಮರಳಿನ ಸಂದಿ ನೇರವಾಗಿರಲ್ಲ. ನೀರು ಒಂದು ಕಾಳಿನ ಪಕ್ಕ ತಿರುಗಬೇಕು, ಇಕ್ಕಟ್ಟಾದ ಜಾಗದಲ್ಲಿ ವೇಗ ಜಾಸ್ತಿ ಮಾಡ್ಕೋಬೇಕು, ಸ್ವಲ್ಪ ಅಗಲ ಆದ ತಕ್ಷಣ ನಿಧಾನ ಆಗ್ಬೇಕು, ಮತ್ತೆ ತಿರುವು, ಮಿಲಿಮೀಟರಿಗೊಂದು ಸಲ ಇದೇ ಕಥೆ. ನಿಧಾನ ಹೋಗೋವಾಗ ಇದ್ಯಾವುದೂ ಕಷ್ಟ ಅಲ್ಲ. ದೇವರಾಜ ಮೊಹಲ್ಲಾದ ಸಣ್ಣ ರಸ್ತೆಗಳಲ್ಲಿ ಸ್ಕೂಟರ್ ಮೆಲ್ಲಗೆ ಓಡಿಸಿದ್ರೆ ಪ್ರತಿ ಮೂಲೆಗೂ ಒತ್ತಿಕೊಂಡೇ ತಿರುಗಬಹುದು, ಜೋರಾಗಿ ಹೋದ್ರೆ ತಿರುವಲ್ಲಿ ಗಾಡಿ ಆಚೆ ಬದಿಗೆ ಎಳೆಯುತ್ತೆ, ಒಳಮೂಲೆ ಖಾಲಿ ಉಳಿಯುತ್ತೆ. ನೀರಿಗೂ ಹಾಗೇ ಆಗುತ್ತೆ. ವೇಗ ಏರಿದಂಗೆ ನೀರಿನ ಮುಖ್ಯ ಧಾರೆ ಸಂದಿಯ ನಡುಭಾಗಕ್ಕೆ ಸೇರ್ಕೊಳುತ್ತೆ, ಕಾಳಿನ ಹಿಂಬದಿಯಲ್ಲಿ ಸಣ್ಣ ಸುಳಿ ನಿಂತ್ಕೊಳುತ್ತೆ, ಅಲ್ಲಿನ ನೀರು ಮುಂದಕ್ಕೆ ಹೋಗದೆ ಅಲ್ಲೇ ಸುತ್ತುತ್ತೆ. ಹರಿಯೋಕೆ ಸಿಗೋ ದಾರಿ ಕಿರಿದಾಯ್ತು, ಸುಳಿ ಸುತ್ತಿಸೋಕೂ ಶಕ್ತಿ ಖರ್ಚಾಯ್ತು, ಹಾಗಾಗಿ ಅಷ್ಟೇ ನೀರಿಗೆ ಜಾಸ್ತಿ ಪ್ರೆಶರ್ ಬೇಕು.

ಈ ಹೆಚ್ಚುವರಿ ಪ್ರೆಶರನ್ನ ಲೆಕ್ಕಕ್ಕೆ ಸೇರಿಸೋ ದಾರಿ ಆಸ್ಟ್ರಿಯಾದ ಫಿಲಿಪ್ ಫೋರ್ಕ್‌ಹೈಮರ್ 1901ರಲ್ಲಿ ಕೊಟ್ರು: ಪ್ರೆಶರ್ ನಷ್ಟ ಅಂದ್ರೆ ವೇಗಕ್ಕೆ ತಕ್ಕಂತೆ ಏರೋ ಒಂದು ಪಾಲು, ಅದರ ಜೊತೆ ವೇಗದ ವರ್ಗಕ್ಕೆ ತಕ್ಕಂತೆ ಏರೋ ಇನ್ನೊಂದು ಪಾಲು. ಮೊದಲನೆಯದರಲ್ಲಿ ಸ್ನಿಗ್ಧತೆ ಇರುತ್ತೆ, ಎರಡನೆಯದರಲ್ಲಿ ಸಾಂದ್ರತೆ. ಈ ಸಾಂದ್ರತೆ ಬಂದು ಕೂತಿದೆಯಲ್ಲ, ಅದೇ ಜಡತ್ವದ ಗುರುತು.

ಯಾವಾಗಿಂದ ಲೆಕ್ಕಕ್ಕೆ ತಗೋಬೇಕು? ಒಂದು ನಂಬರ್ ಹೇಳಿಬಿಡಿ

ರೆನಾಲ್ಡ್ಸ್ ನಂಬರ್ ನೋಡಿ, ಸ್ನಿಗ್ಧತೆ ಎದುರು ಜಡತ್ವ ಎಷ್ಟು ಜೋರು ಅಂತ ಹೇಳೋ ಅಂಕಿ ಅದು. ವೇಗ ಇಂಟು ಕಾಳಿನ ಸೈಜ್ ಇಂಟು ಸಾಂದ್ರತೆ, ಭಾಗಿಸು ಸ್ನಿಗ್ಧತೆ. ಇಲ್ಲಿ ವೇಗ ಅಂದ್ರೆ ಸೆಕೆಂಡಿಗೆ ಹರಿಯೋ ಒಟ್ಟು ನೀರನ್ನ ಪೈಪಿನ ಅಥವಾ ಗುಂಡಿಯ ಪೂರ್ತಿ ಅಡ್ಡಕೊಯ್ತದ ವಿಸ್ತೀರ್ಣದಿಂದ ಭಾಗಿಸಿದ್ದು, ಸಂದಿಯೊಳಗಿನ ನಿಜವಾದ ವೇಗ ಅಲ್ಲ, ಪರೀಕ್ಷೆಲಿ ತುಂಬಾ ಜನ ಎಡವೋದು ಇಲ್ಲೇ. ಈ ನಂಬರ್ ಒಂದು ಗೆರೆಗಿಂತ ಕಮ್ಮಿ ಇದ್ರೆ ಡಾರ್ಸಿ ಸಾಕು, ಆ ಗೆರೆ 1ರಿಂದ 10ರ ಮಧ್ಯೆ ಎಲ್ಲೋ ಇದೆ ಅಂತ ಪುಸ್ತಕಗಳು ಬರೆಯುತ್ವೆ. ನನಗೆ ಆ ಗೆರೆಗಿಂತ ಎಷ್ಟು ಪರ್ಸೆಂಟ್ ತಪ್ಪಾಗುತ್ತೆ ಅನ್ನೋದು ಮುಖ್ಯ ಅನ್ಸುತ್ತೆ, ಅದಕ್ಕೆ ಸಬ್ರಿ ಎರ್ಗುನ್ 1952ರಲ್ಲಿ ಕೊಟ್ಟ ಸೂತ್ರ ಹಿಡ್ಕೊಳ್ಳಿ. ಅದರಲ್ಲಿ ಸ್ನಿಗ್ಧತೆ ಪಾಲಿಗೆ 150, ಜಡತ್ವದ ಪಾಲಿಗೆ 1.75 ಅನ್ನೋ ಸ್ಥಿರಾಂಕ ಇದೆ. ನೂರಕ್ಕೆ 40 ಪಾಲು ಸಂದಿ ಇರೋ ಸಾಮಾನ್ಯ ಮರಳು ಜೆಲ್ಲಿಗೆ ಲೆಕ್ಕ ಹಾಕಿದ್ರೆ ರೆನಾಲ್ಡ್ಸ್ ನಂಬರ್ ಅರ್ಧ ಇದ್ದಾಗ ಜಡತ್ವ ಸ್ನಿಗ್ಧತೆಯ 1 ಪರ್ಸೆಂಟ್, 5ರ ಹತ್ರ 10 ಪರ್ಸೆಂಟ್, ಸುಮಾರು 51ಕ್ಕೆ ಎರಡೂ ಸಮ. ಅಲ್ಲಿಂದಾಚೆ ಜಡತ್ವದ್ದೇ ಮೇಲುಗೈ.

ವೇಗದ ವರ್ಗ ಬಂತು ಅಂದ್ರೆ ಟರ್ಬುಲೆನ್ಸ್ ಶುರುವಾಯ್ತು ಅಂತ ತಾನೇ?

ಅಲ್ಲ. ದಯವಿಟ್ಟು ಇದನ್ನ ಒಂದ್ ಸಲ ಗಟ್ಟಿಯಾಗಿ ಮನಸ್ಸಿಗೆ ತಗೊಳ್ಳಿ, ಯಾಕಂದ್ರೆ ವೈವಾದಲ್ಲೂ ಸೈಟಲ್ಲೂ ಎಲ್ಲಕ್ಕಿಂತ ಹೆಚ್ಚು ಕಿವಿಗೆ ಬೀಳೋ ತಪ್ಪು ಇದು. ಪೈಪಿನ ಪಾಠ ಮೊದಲು ಕಲಿತಿರ್ತೀವಿ, ಅಲ್ಲಿ ಲ್ಯಾಮಿನರ್ (ಪದರ ಪದರವಾಗಿ ನಯವಾಗಿ ಹರಿಯೋದು) ಇದ್ರೆ ನಷ್ಟ ವೇಗಕ್ಕೆ ಸರಿಯಾಗಿ, ಟರ್ಬುಲೆಂಟ್ (ಅಡ್ಡಾದಿಡ್ಡಿ ಕದಡಿಕೊಂಡು ಹರಿಯೋದು) ಆದ್ರೆ ವರ್ಗಕ್ಕೆ ಹತ್ತಿರ, ಅದನ್ನೇ ತಂದು ಇಲ್ಲಿಗೆ ಅಂಟಿಸ್ತೀವಿ. ಆದ್ರೆ ನೇರ ಪೈಪಲ್ಲಿ ನೀರು ತಿರುಗೋದೇ ಇಲ್ಲ, ವೇಗ ಬದಲಾಯಿಸೋದೂ ಇಲ್ಲ, ಹಾಗಾಗಿ ಅಲ್ಲಿ ಟರ್ಬುಲೆನ್ಸ್ ಬರೋವರೆಗೂ ಜಡತ್ವಕ್ಕೆ ತಲೆ ಎತ್ತೋಕೆ ಅವಕಾಶವೇ ಇರಲ್ಲ. ಮರಳಲ್ಲಿ ಹೆಜ್ಜೆಹೆಜ್ಜೆಗೂ ತಿರುವು, ಅದಕ್ಕೇ ನೀರು ಇನ್ನೂ ಪೂರ್ತಿ ಲ್ಯಾಮಿನರ್ ಆಗಿ, ಒಂದೇ ಒಂದು ಅಲುಗಾಟ ಇಲ್ಲದೆ ಹರಿತಿರೋವಾಗ್ಲೇ ಜಡತ್ವ ಕಾಣಿಸ್ಕೊಳುತ್ತೆ.

1984ರಲ್ಲಿ ಡಿಬ್ಸ್ ಮತ್ತು ಎಡ್ವರ್ಡ್ಸ್ ಪಾರದರ್ಶಕವಾದ ಗೋಲಿ, ಕಡ್ಡಿಗಳ ನಡುವೆ ದ್ರವ ಬಿಟ್ಟು ಲೇಸರಿಂದ ವೇಗ ಅಳೆದು ಹಂತಗಳನ್ನ ಬೇರೆ ಮಾಡಿದ್ರು. ರೆನಾಲ್ಡ್ಸ್ ನಂಬರ್ ಸುಮಾರು 1ಕ್ಕಿಂತ ಕಮ್ಮಿ ಇದ್ರೆ ಡಾರ್ಸಿ ಹರಿವು, 1ರಿಂದ 10ರ ಮಧ್ಯೆ ಎಲ್ಲೋ ಜಡತ್ವ ಶುರುವಾಗಿ 150ರ ತನಕ ಸ್ಥಿರವಾದ ಲ್ಯಾಮಿನರ್ ಹರಿವೇ ಇರುತ್ತೆ, 150ರಿಂದ 300ರವರೆಗೆ ಲ್ಯಾಮಿನರ್ ಆದ್ರೂ ಅಲುಗಾಟ ಶುರು, 300 ದಾಟಿದ ಮೇಲೆ ಟರ್ಬುಲೆನ್ಸ್ ಥರದ ಗೊಂದಲದ ಹರಿವು. ಅಂದ್ರೆ ಡಾರ್ಸಿ ಕೈಕೊಟ್ಟ ಜಾಗಕ್ಕೂ ಟರ್ಬುಲೆನ್ಸ್ ಬರೋ ಜಾಗಕ್ಕೂ ಮಧ್ಯೆ ದೊಡ್ಡ ಅಂತರ ಇದೆ. ಅವರು ಸಂದಿಯೊಳಗಿನ ವೇಗ ಮತ್ತು ಸಂದಿಯ ಸೈಜ್ ತಗೊಂಡು ಹಾಕಿದ ನಂಬರ್ ಇದು, ಮೇಲೆ ಹೇಳಿದ ಕಾಳಿನ ಲೆಕ್ಕದ ನಂಬರಿನ ಜೊತೆ ಬೆರೆಸ್ಬೇಡಿ.

ಇನ್ನೊಂದು ಗಮನಿಸಬೇಕಾದ್ದು. ತೀರಾ ನಿಧಾನದ ಹರಿವಲ್ಲಿ ಒಂದು ಗುಂಡು ಕಾಳಿನ ಮುಂದಿನ ಚಿತ್ರ ಹಿಂದಿನ ಚಿತ್ರ ಎರಡೂ ಒಂದೇ ಥರ ಇರುತ್ತೆ, ನೀರನ್ನ ಉಲ್ಟಾ ಹರಿಸಿದ್ರೂ ಅದೇ ಗೆರೆಗಳ ಮೇಲೇ ವಾಪಸ್ ಹೋಗುತ್ತೆ. ಜಡತ್ವ ಬಂದ್ಮೇಲೆ ಈ ಸಮತೆ ಮುರಿಯುತ್ತೆ, ಮುಂದೆ ಒಂದು ಥರ, ಹಿಂದೆ ಸುಳಿ. ಟರ್ಬುಲೆನ್ಸ್ ಇಲ್ಲದೇನೇ.

ಕೆಆರ್‌ಎಸ್ ಹಿಂದೆ ಅಷ್ಟೊಂದು ನೀರಿದೆ, ಅಲ್ಲಿ ಸೋರೋ ನೀರಿಗೆ ಜಡತ್ವ ಭಾರಿ ಇರ್ಬೇಕಲ್ವಾ?

ನೀರಿನ ಎತ್ತರ ನೋಡಿ ನಿರ್ಧಾರ ಮಾಡೋಕಾಗಲ್ಲ. ಕೆಆರ್‌ಎಸ್ ತುಂಬಿದ ಮಟ್ಟ 124.80 ಅಡಿ ನಿಜ, ಆದ್ರೆ ಸುರ್ಕಿ ಗಾರೆಯಲ್ಲಿ ಕಟ್ಟಿದ ಅಷ್ಟು ದಪ್ಪದ ಕಲ್ಲಿನ ಗೋಡೆ ಒಳಗೆ ನೀರು ತೆವಳೋ ವೇಗ ಎಷ್ಟಿರುತ್ತೆ ಯೋಚ್ನೆ ಮಾಡಿ. ನಿಮ್ಮೂರಿನ ಕೆರೆ ಏರಿಯ ಜೇಡಿಮಣ್ಣಲ್ಲಂತೂ ರೆನಾಲ್ಡ್ಸ್ ನಂಬರ್ ಒಂದರ ಕೋಟಿ ಪಾಲಿನಷ್ಟೂ ಬರಲ್ಲ. ಅಲ್ಲಿ ಡಾರ್ಸಿ ನಿಯಮ ಕಣ್ಮುಚ್ಚಿ ಹಾಕಿ. ವೇಗ ಮತ್ತು ಸಂದಿಯ ಸೈಜ್, ಜಡತ್ವಕ್ಕೆ ಈ ಎರಡೇ ಮುಖ್ಯ. ಅದೇ ಏರಿಯ ಕಲ್ಲುಹೊದಿಕೆ ಒಳಗೆ ಅಲೆ ನುಗ್ಗಿ ವಾಪಸ್ ಬರೋದು ಪೂರ್ತಿ ಜಡತ್ವದ ಆಟ, ಅಲ್ಲಿ ನೀರಿನ ಎತ್ತರದ ವ್ಯತ್ಯಾಸ ಒಂದಡಿ ಇದ್ರೂ ಸಾಕು.

ಅಣ್ಣ, 5 ಎಚ್‌ಪಿ ಮೋಟ್ರು ತೆಗ್ದು 7.5 ಎಚ್‌ಪಿ ಬಿಟ್ರೆ ಒಂದೂವರೆ ಪಟ್ಟು ನೀರು ಬತ್ತದಾ?

ಬಹಳ ಸಲ ಬರಲ್ಲ. ನಮ್ಮ ಕಡೆ ಬೋರ್‌ವೆಲ್ ಅಂದ್ರೆ ಗಟ್ಟಿ ಬಂಡೆ, ನೀರು ಬರೋದು ಬಂಡೆಯ ಬಿರುಕಿಂದ. ಒಂದು ಲೆಕ್ಕ ಹಾಕಿ ನೋಡೋಣ. ಬೋರ್ ಆರೂವರೆ ಇಂಚು, ಒಂದೇ ಬಿರುಕು, ಅದರ ಬಾಯಿ 2 ಮಿಮೀ, ಪಂಪ್ ಎಳೀತಿರೋದು ಸೆಕೆಂಡಿಗೆ 2 ಲೀಟರ್ ಅಂತ ಇಟ್ಕೊಳ್ಳಿ. ಬೋರ್‌ನಿಂದ 10 ಮೀಟರ್ ದೂರದಲ್ಲಿ ಆ ಬಿರುಕಿನ ನೀರು ಸೆಕೆಂಡಿಗೆ ಬರೀ ಒಂದೂವರೆ ಸೆಂಟಿಮೀಟರ್ ಚಿಲ್ಲರೆ ಹರಿತಿರುತ್ತೆ, ಬಿರುಕಿನ ಅಗಲ ಇಟ್ಟು ರೆನಾಲ್ಡ್ಸ್ ನಂಬರ್ ತೆಗೆದ್ರೆ ಸುಮಾರು 35. ಅದೇ ನೀರು ಎಲ್ಲಾ ಕಡೆಯಿಂದ ಬಂದು ಬೋರ್ ಬಾಯಿಗೆ ಸೇರೋವಾಗ ಹೆಚ್ಚುಕಮ್ಮಿ ಸೆಕೆಂಡಿಗೆ 1.9 ಮೀಟರ್ ವೇಗ, ರೆನಾಲ್ಡ್ಸ್ ನಂಬರ್ 4000 ದಾಟುತ್ತೆ. ಅಂದ್ರೆ ದೂರದಲ್ಲಿ ಶಾಂತ, ಕೊನೆ ಒಂದೆರಡು ಮೀಟರಲ್ಲಿ ಪೂರಾ ಗಲಾಟೆ. ಆ ಕೊನೆ ದಾರಿಯಲ್ಲಿ ನೀರು ಒಂದೂವರೆ ಪಟ್ಟು ಎಳೆದ್ರೆ ನಷ್ಟ ಎರಡೂಕಾಲು ಪಟ್ಟಿಗೆ ಹತ್ತಿರ ಏರುತ್ತೆ.

ಇದರ ಪರಿಣಾಮ ಬೋರ್ ಒಳಗಿನ ನೀರಿನ ಮಟ್ಟದಲ್ಲಿ ಕಾಣುತ್ತೆ, ಪಂಪ್ ಹಾಕಿದ ಮೇಲೆ ಮಟ್ಟ ಇನ್ನೂ ಆಳಕ್ಕೆ ಇಳಿಯುತ್ತೆ, ಇನ್ನೂ ಆಳದಿಂದ ಎತ್ತಬೇಕು, ಕರೆಂಟ್ ಜಾಸ್ತಿ ಹೋಗುತ್ತೆ, ಕೊನೆಗೆ ಮೋಟ್ರು ಗಾಳಿ ಎಳ್ಕೊಂಡು ಸುಟ್ಟೋಗೋದೂ ಉಂಟು. ಮಳೆ ಇಂಗದೆ ಅಂತರ್ಜಲ ಇಳಿದಿರೋದು ಇದಕ್ಕಿಂತ ದೊಡ್ಡ ಕಾರಣ, ಅದನ್ನ ಜಡತ್ವದ ತಲೆಗೆ ಕಟ್ಟೋದು ಸರಿಯಲ್ಲ. ಆದ್ರೆ ದೊಡ್ಡ ಮೋಟ್ರಿಗೆ ದುಡ್ಡು ಸುರಿಯೋ ಮುಂಚೆ ಒಂದು ಟೆಸ್ಟ್ ಮಾಡಿಸಿ ಅಂತ ಕೈಮುಗಿದು ಕೇಳ್ಕೊತೀನಿ.

ಆ ಟೆಸ್ಟ್ ಹೇಗೆ ಮಾಡೋದು?

ಹಂತಹಂತವಾಗಿ ನೀರು ಎಳೆಯೋ ಟೆಸ್ಟ್. ವಾಲ್ವ್ ತಿರುಗಿಸಿ ಮೊದ್ಲು ಕಮ್ಮಿ ನೀರು, ಮಟ್ಟ ಸ್ವಲ್ಪ ನಿಂತ ಮೇಲೆ ಜಾಸ್ತಿ, ಆಮೇಲೆ ಇನ್ನೂ ಜಾಸ್ತಿ, ಪ್ರತಿ ಹಂತದಲ್ಲೂ ಮಟ್ಟ ಎಷ್ಟು ಇಳೀತು ಅಂತ ಬರ್ಕೊಳ್ಳೋದು. 1947ರಲ್ಲಿ ಜೇಕಬ್ ಕೊಟ್ಟ ಸೂತ್ರದಲ್ಲಿ ಇಳಿತಕ್ಕೆ ಎರಡು ಪಾಲು, ಒಂದು ನೀರಿನ ಪ್ರಮಾಣಕ್ಕೆ ಸರಿಯಾಗಿ, ಇನ್ನೊಂದು ಅದರ ವರ್ಗಕ್ಕೆ.

ಉದಾಹರಣೆಗೆ ಒಂದು ಕಾಲ್ಪನಿಕ ಬೋರ್: ಸೆಕೆಂಡಿಗೆ 1 ಲೀಟರಿಗೆ 4 ಮೀಟರ್ ಇಳೀತು, 2 ಲೀಟರಿಗೆ 10, 3 ಲೀಟರಿಗೆ 18. ಇಳಿತವನ್ನ ನೀರಿಂದ ಭಾಗಿಸಿದ್ರೆ 4, 5, 6 ಬರುತ್ತೆ, ಗ್ರಾಫಲ್ಲಿ ಏರೋ ನೇರ ಗೆರೆ. ಆ ಗೆರೆ ಮಲಗಿದ್ರೆ ಪೂರ್ತಿ ಡಾರ್ಸಿ, ಏರ್ತಿದ್ರೆ ಅದರ ಇಳಿಜಾರೇ ವರ್ಗದ ಪಾಲು. ಈ ಬೋರಲ್ಲಿ ನಿಂತ ನೀರಿನ ಮಟ್ಟ 60 ಮೀಟರ್ ಆಳ ಇದ್ರೆ 2 ಲೀಟರಿಂದ 3 ಲೀಟರಿಗೆ ಹೋಗೋಕೆ ಎತ್ತುವ ಆಳ 70ರಿಂದ 78 ಆಗುತ್ತೆ, ಒಂದೂವರೆ ಪಟ್ಟು ನೀರಿಗೆ ಬೇಕಾಗೋ ಪವರ್ ಸುಮಾರು 1.67 ಪಟ್ಟು, ಪೈಪಿನ ನಷ್ಟ ಬೇರೆ. ಎಚ್‌ಪಿ ಮಾತ್ರ ಒಂದೂವರೆ ಪಟ್ಟು ಮಾಡಿದ್ರೆ ಸಾಲಲ್ಲ.

ಒಂದು ಎಚ್ಚರಿಕೆ. ಬಂಡೆ ಬೋರಲ್ಲಿ ಗೆರೆ ಏರಿದ ಮಾತ್ರಕ್ಕೆ ಜಡತ್ವ ಅಂತ ತೀರ್ಮಾನ ಮಾಡ್ಬೇಡಿ. ನೀರಿನ ಮಟ್ಟ ಮೇಲಿನ ಬಿರುಕಿಗಿಂತ ಕೆಳಗೆ ಇಳಿದ್ರೆ ಆ ಬಿರುಕಿಂದ ಬರೋ ನೀರು ಅಲ್ಲಿಗೆ ನಿಂತ್ಕೊಳುತ್ತೆ, ಎಷ್ಟು ಎಳೆದ್ರೂ ಅಷ್ಟೇ, ಆಗ್ಲೂ ಗ್ರಾಫ್ ಏರುತ್ತೆ. ವ್ಯತ್ಯಾಸ ಏನಂದ್ರೆ ಬಿರುಕು ಬಯಲಾದಾಗ ಗೆರೆ ಒಂದು ಆಳದಲ್ಲಿ ಥಟ್ಟನೆ ಮುರಿದು ಮೇಲಕ್ಕೆ ಹೋಗುತ್ತೆ, ಜಡತ್ವ ಆದ್ರೆ ಶುರುವಿಂದ್ಲೇ ಒಂದೇ ಸಮನೆ ಏರುತ್ತೆ. ಕನಿಷ್ಠ ಮೂರು ಹಂತ, ಆದ್ರೆ ನಾಲ್ಕು ಮಾಡಿಸಿ.

ಕಬ್ಬಿಗೆ ಡ್ರಿಪ್ ಹಾಕಿದೀವಿ, ಸ್ಯಾಂಡ್ ಫಿಲ್ಟರ್ ಗೇಜ್ ಏರಿದ್ರೆ ಕಟ್ಕೊಂಡಿದೆ ಅಂತ ಅರ್ಥನಾ?

ಮೊದ್ಲು ನೀರಿನ ಪ್ರಮಾಣ ಬದಲಾಗಿದ್ಯಾ ನೋಡ್ಕೊಳ್ಳಿ. ಫಿಲ್ಟರ್ ಒಳಗೆ ನೀರು ಗಂಟೆಗೆ 50 ಮೀಟರ್ ವೇಗದಲ್ಲಿ ಇಳೀತಿದ್ದು ಕಾಳು 0.8 ಮಿಮೀ ಇದ್ರೆ ರೆನಾಲ್ಡ್ಸ್ ನಂಬರ್ ಸುಮಾರು 12, ಅಂದ್ರೆ ಸ್ನಿಗ್ಧತೆಯ ನಷ್ಟದ ಮೇಲೆ ಜಡತ್ವದ್ದು ಹತ್ರಹತ್ರ 24 ಪರ್ಸೆಂಟ್ ಸೇರಿರುತ್ತೆ. ಇನ್ನೊಂದು ತಾಕಿನ ವಾಲ್ವೂ ತೆಗೆದು ನೀರು ಒಂದೂವರೆ ಪಟ್ಟು ಆಯ್ತು ಅಂದ್ರೆ ಫಿಲ್ಟರಿಗೆ ನೀರು ಬರೋ ಕಡೆ, ಹೋಗೋ ಕಡೆ ಇರೋ ಎರಡು ಗೇಜಿನ ವ್ಯತ್ಯಾಸ ಒಂದೂವರೆ ಪಟ್ಟಲ್ಲ, ಸುಮಾರು 1.65 ಪಟ್ಟು ಆಗುತ್ತೆ. ಅಷ್ಟು ಏರಿಕೆ ಕೊಳೆಯಿಂದ ಅಲ್ಲ, ಸುಮ್ನೆ ಬ್ಯಾಕ್‌ವಾಶ್ ಮಾಡ್ಬೇಡಿ. ನೀರು ಅಷ್ಟೇ ಇದ್ದು ವ್ಯತ್ಯಾಸ ಏರ್ತಿದ್ರೆ ಕೊಳೆ. ಕುಡಿಯೋ ನೀರಿನ ನಿಧಾನದ ಮರಳು ಫಿಲ್ಟರಲ್ಲಿ, ಗಂಟೆಗೆ 10–20 ಸೆಂಟಿಮೀಟರ್ ಇಳಿಯೋ ಕಡೆ, ಈ ತಲೆನೋವೇ ಇಲ್ಲ.

ಮೈಸೂರಲ್ಲಿ 30-40 ಸೈಟಿನ ಮನೆ ಕಟ್ಟಿದೀವಿ, ಮಳೆ ನೀರಿನ ಡ್ರಮ್ ಫಿಲ್ಟರ್ ಉಕ್ಕುತ್ತೆ, ಜೆಲ್ಲಿಯ ಜಡತ್ವ ಕಾರಣನಾ?

ಜೆಲ್ಲಿಯಲ್ಲಿ ಜಡತ್ವ ಇದೆ ಆದ್ರೆ ಅದು ಕಾರಣ ಅಲ್ಲ. ತಾರಸಿ 111 ಚದರ ಮೀಟರ್, ಗಂಟೆಗೆ 50 ಮಿಮೀ ಮಳೆ ಹೊಡೆದ್ರೆ ಸೆಕೆಂಡಿಗೆ ಒಂದೂವರೆ ಲೀಟರ್ ನೀರು. 200 ಲೀಟರ್ ಡ್ರಮ್ಮಿನ ಅಡ್ಡಕೊಯ್ತದ ವಿಸ್ತೀರ್ಣ ಕಾಲು ಚದರ ಮೀಟರ್ ಇರುತ್ತೆ. ಅರ್ಧ ಮಿಮೀ ಮರಳು ಒಂದಡಿ ಹಾಕಿದ್ರೆ ಅದನ್ನ ದಾಟೋಕೇ ಅರ್ಧ ಮೀಟರಿಗಿಂತ ಜಾಸ್ತಿ ನೀರಿನ ಎತ್ತರ ಬೇಕು, ಅದರಲ್ಲಿ ಜಡತ್ವದ ಪಾಲು 6–7 ಪರ್ಸೆಂಟ್ ಅಷ್ಟೇ. 20 ಮಿಮೀ ಜೆಲ್ಲಿ ಪದರದಲ್ಲಿ ಜಡತ್ವ ಸ್ನಿಗ್ಧತೆನ ಮೀರಿಸಿರುತ್ತೆ, ಆದ್ರೆ ಒಟ್ಟು ನಷ್ಟವೇ ಒಂದೆರಡು ಮಿಲಿಮೀಟರ್ ಮುಟ್ಟಿದ್ರೆ ಹೆಚ್ಚು. ಡ್ರಮ್ ಅಗಲ ಆಗ್ಬೇಕು, ಅಥವಾ ಎರಡು ಡ್ರಮ್ ಇಡಿ, ಅಥವಾ ಮರಳಿನ ಪದರ ತೆಳು ಮಾಡಿ. ಎಲ್ಲಿ ಜಡತ್ವ ಇದೆ ಅನ್ನೋದಕ್ಕಿಂತ ಎಲ್ಲಿ ಪ್ರೆಶರ್ ಖರ್ಚಾಗ್ತಿದೆ ಅಂತ ಮೊದ್ಲು ನೋಡಿ.

ಪಂಪ್ ಆಫ್ ಮಾಡಿದ ಮೇಲೂ ಮರಳೊಳಗಿನ ನೀರು ಜಡತ್ವದಿಂದ ಮುಂದೆ ಹೋಗ್ತಾ ಇರುತ್ತಾ?

ಅರ್ಧ ಮಿಮೀ ಮರಳಲ್ಲಿ ಒಂದು ಸೆಕೆಂಡಿನ ಸಾವಿರದಲ್ಲೊಂದು ಪಾಲಿನ ಆಸುಪಾಸಲ್ಲೇ ನಿಲ್ಲುತ್ತೆ. 6 ಮಿಮೀ ಜೆಲ್ಲಿಯಲ್ಲೂ ಸೆಕೆಂಡಿನ ಹತ್ತನೇ ಒಂದು ಪಾಲಿನಷ್ಟೇ. ಪಂಪ್ ನಿಂತ ಮೇಲೆ ಬೋರಲ್ಲಿ ಮಟ್ಟ ಏರೋದು ಸುತ್ತಲಿನ ನೀರಿನ ಮಟ್ಟ ಎತ್ತರ ಇರೋದ್ರಿಂದ, ಓಡೋ ರಭಸದಿಂದ ಅಲ್ಲ.

ಬೇಸಿಗೆ, ಚಳಿಗಾಲಕ್ಕೆ ವ್ಯತ್ಯಾಸ ಆಗುತ್ತಾ?

ಆಗುತ್ತೆ. 20 ಡಿಗ್ರಿ ನೀರನ್ನ 30 ಡಿಗ್ರಿಗೆ ತಂದ್ರೆ ಸ್ನಿಗ್ಧತೆ ಸುಮಾರು 20 ಪರ್ಸೆಂಟ್ ಇಳಿಯುತ್ತೆ, ಸಾಂದ್ರತೆ ಹೆಚ್ಚುಕಮ್ಮಿ ಹಾಗೇ ಇರುತ್ತೆ. ಹಾಗಾಗಿ ಸಣ್ಣ ಮರಳಿನ ಫಿಲ್ಟರಿಗೆ ಬಿಸಿನೀರು ಸಲೀಸು, ದಪ್ಪ ಜೆಲ್ಲಿಗೆ ಯಾವ ನೀರಾದ್ರೂ ಒಂದೇ.

ಹೊಳೆ ಮರಳು ಬಿಟ್ಟು ಎಂ ಸ್ಯಾಂಡ್ ಹಾಕಿದ್ರೆ?

ಎಂ ಸ್ಯಾಂಡ್ ಕಲ್ಲು ಒಡೆದು ಮಾಡಿದ್ದು, ಮೂಲೆ ಚೂಪು, ಮೈ ಒರಟು. ಒರಟುತನ ಜಡತ್ವದ ಪಾಲನ್ನ ತುಂಬಾ ಏರಿಸುತ್ತೆ. 1979ರಲ್ಲಿ ಮ್ಯಾಕ್‌ಡೊನಾಲ್ಡ್ ಮತ್ತು ಜೊತೆಗಾರರು ಎರ್ಗುನ್ ಸೂತ್ರನ ಮತ್ತೆ ಪರಿಶೀಲಿಸಿ ಸ್ನಿಗ್ಧತೆಗೆ 180, ಜಡತ್ವಕ್ಕೆ ನಯವಾದ ಕಾಳಿಗೆ 1.8, ತೀರಾ ಒರಟು ಕಾಳಿಗೆ 4 ಅಂತ ಇಟ್ರು. ಅಂದ್ರೆ ಎರಡು ಪಟ್ಟಿಗಿಂತ ಜಾಸ್ತಿ. ಇದರ ಮೇಲೆ ಎಂ ಸ್ಯಾಂಡಲ್ಲಿ ಧೂಳು ಇರುತ್ತೆ, ಅದು ಸಂದಿ ಮುಚ್ಚುತ್ತೆ, ಚೆನ್ನಾಗಿ ತೊಳೆಯದೆ ಫಿಲ್ಟರಿಗೆ ಹಾಕ್ಲೇಬೇಡಿ.

ಭತ್ತದ ರಾಶಿಗೆ ಗಾಳಿ ಊದಿ ಒಣಗಿಸೋದಕ್ಕೂ ಇದೇ ಲೆಕ್ಕನಾ?

ಇದೇ. ಗಾಳಿಗೆ ಸಾಂದ್ರತೆ ಕಮ್ಮಿ ಅಂತ ಜಡತ್ವ ಇಲ್ಲ ಅಂದ್ಕೋಬಾರ್ದು, ಊದೋ ವೇಗ ಜಾಸ್ತಿ ಇರುತ್ತೆ. ಸೆಕೆಂಡಿಗೆ 10 ಸೆಂಟಿಮೀಟರ್ ಗಾಳಿ, ಕಾಳಿನ ಸರಾಸರಿ ಸೈಜ್ 3.5 ಮಿಮೀ ಅಂತ ತಗೊಂಡ್ರೆ ರೆನಾಲ್ಡ್ಸ್ ನಂಬರ್ 22ರ ಹತ್ರ, ಜಡತ್ವದ ಪಾಲು ಸ್ನಿಗ್ಧತೆಯ ಅರ್ಧದಷ್ಟು. ರಾಶಿ ಎತ್ತರ ಎರಡು ಪಟ್ಟು ಮಾಡಿ, ಪ್ರತಿ ಕ್ವಿಂಟಲಿಗೆ ಅಷ್ಟೇ ಗಾಳಿ ಸಿಗಲಿ ಅಂತ ವೇಗನೂ ಎರಡು ಪಟ್ಟು ಮಾಡಿದ್ರೆ ಬ್ಲೋವರ್ ಮೇಲಿನ ಪ್ರೆಶರ್ ನಾಲ್ಕು ಪಟ್ಟಿಗಿಂತ ಮೇಲೇ ಹೋಗುತ್ತೆ, ಈ ಲೆಕ್ಕದಲ್ಲಿ ಐದು ಪಟ್ಟು ದಾಟುತ್ತೆ. ರಾಶಿ ಅಗಲ ಹರಡಿ, ಎತ್ತರ ಬೇಡ.

ಜಡತ್ವದ ಮೊದಲ ತಿದ್ದುಪಡಿ ವೇಗದ ವರ್ಗ ಅಲ್ಲ, ಘನ ಅಂತ ಎಲ್ಲೋ ಓದಿದೆ, ಯಾವುದು ಸರಿ?

ಎರಡೂ ಸರಿ, ಜಾಗ ಬೇರೆ. 1991ರಲ್ಲಿ ಮೇ ಮತ್ತು ಓರಿಯೋ ಗಣಿತದಿಂದ ತೋರಿಸಿದ್ದು ಏನಂದ್ರೆ ಎಲ್ಲಾ ದಿಕ್ಕಲ್ಲೂ ಒಂದೇ ಥರ ಇರೋ ಮಾಧ್ಯಮದಲ್ಲಿ ಜಡತ್ವ ಆಗತಾನೆ ಕಣ್ಬಿಡೋ ಹಂತದಲ್ಲಿ ತಿದ್ದುಪಡಿ ವೇಗದ ಘನಕ್ಕೆ ತಕ್ಕಂತೆ ಇರುತ್ತೆ. ಹರಿವು ತಿರುಗಿಸಿದ್ರೆ ತಡೆಯೂ ಅಷ್ಟೇ ಇದ್ದು ದಿಕ್ಕು ಮಾತ್ರ ಬದಲಾಗ್ಬೇಕು, ಬರೀ ವರ್ಗಕ್ಕೆ ಆ ಗುಣ ಇಲ್ಲ. ಆ ಹಂತ ಚಿಕ್ಕದು, ಅಲ್ಲಿ ತಿದ್ದುಪಡಿಯೂ ಚಿಕ್ಕದು, ವೇಗ ಇನ್ನಷ್ಟು ಏರಿದ ಮೇಲೆ ವರ್ಗದ ನಿಯಮವೇ ಚೆನ್ನಾಗಿ ಕೂರುತ್ತೆ. ಫೀಲ್ಡಲ್ಲಿ ವರ್ಗ ಹಾಕಿ, ಥೀಸಿಸ್ ಬರೀತಿದ್ರೆ ಘನನೂ ಓದ್ಕೊಳ್ಳಿ.

ಮನೇಲೇ ಮಾಡಿ ನೋಡೋಕಾಗುತ್ತಾ?

ಖಂಡಿತ ಆಗುತ್ತೆ, ಡಿಪ್ಲೊಮಾ ಪ್ರಾಜೆಕ್ಟಿಗೂ ಒಳ್ಳೇದು. 4 ಇಂಚು ಪಿವಿಸಿ ಪೈಪ್, ಎರಡು ತುದಿಗೆ ಜಾಲರಿ, ಒಳಗೆ ಚೆನ್ನಾಗಿ ತೊಳೆದ 6 ಮಿಮೀ ಬೇಬಿ ಜೆಲ್ಲಿ. ಪೈಪಿನ ವ್ಯಾಸ ಕಾಳಿನ ಹತ್ತು ಪಟ್ಟಾದ್ರೂ ಇರ್ಬೇಕು, ಇಲ್ಲಾಂದ್ರೆ ಗೋಡೆ ಪಕ್ಕದ ಸಂದಿಯಲ್ಲಿ ನೀರು ನುಸುಳಿ ಲೆಕ್ಕ ಕೆಡಿಸುತ್ತೆ. ಒಂದು ಮೀಟರ್ ಅಂತರದಲ್ಲಿ ಎರಡು ತೂತು ಕೊರೆದು ಪಾರದರ್ಶಕ ಟ್ಯೂಬ್ ಸಿಗಿಸಿ ನೇರ ನಿಲ್ಲಿಸಿ, ತಾರಸಿ ಟ್ಯಾಂಕಿಂದ ನೀರು ಕೊಡಿ, ಗಾಳಿ ಗುಳ್ಳೆ ಪೂರ್ತಿ ಹೋಗೋವರೆಗೂ ಹರಿಸಿ. 10 ಲೀಟರ್ ಬಕೆಟ್ 40 ಸೆಕೆಂಡಲ್ಲಿ ತುಂಬೋ ಹಾಗೆ ವಾಲ್ವ್ ಇಟ್ರೆ ಎರಡು ಟ್ಯೂಬಿನ ಮಟ್ಟದ ವ್ಯತ್ಯಾಸ ಎರ್ಗುನ್ ಲೆಕ್ಕದಲ್ಲಿ ಸುಮಾರು 35 ಸೆಂಟಿಮೀಟರ್, 20 ಸೆಕೆಂಡಲ್ಲಿ ತುಂಬೋ ಹಾಗೆ ಇಟ್ರೆ ಸುಮಾರು 125. ಮೂಲೆ ಇರೋ ಜೆಲ್ಲಿ ಆದ್ರಿಂದ ನಿಮಗೆ ಇದಕ್ಕಿಂತ ಜಾಸ್ತಿ ಬರಬಹುದು, ಟ್ಯೂಬ್ ಉದ್ದ ಇರಲಿ. ಆಮೇಲೆ ಜೆಲ್ಲಿ ತೆಗೆದು ಅರ್ಧ ಮಿಮೀ ಮರಳು ತುಂಬಿ. ಈಗ ಒಂದು ಮೀಟರ್ ವ್ಯತ್ಯಾಸ ಕೊಟ್ರೂ ಒಂದು ಲೀಟರ್ ತುಂಬೋಕೆ 40 ಸೆಕೆಂಡಿನ ಆಸುಪಾಸು ಬೇಕು. ಅರ್ಧ ಮೀಟರಿಗೆ ಇಳಿಸಿದ್ರೆ ಹೆಚ್ಚುಕಮ್ಮಿ ಎರಡರಷ್ಟು ಹೊತ್ತು.

ನೀರು ಎರಡು ಪಟ್ಟು ಮಾಡಿದಾಗ ವ್ಯತ್ಯಾಸ ಎರಡು ಪಟ್ಟಾದ್ರೆ ಡಾರ್ಸಿ, ನಾಲ್ಕರ ಹತ್ರ ಬಂದ್ರೆ ಜಡತ್ವ, ಮಧ್ಯೆ ಬಂದ್ರೆ ಎರಡೂ ಇವೆ ಅಂತ. ಐದಾರು ಬೇರೆ ಬೇರೆ ಹರಿವಿಗೆ ಅಳತೆ ತಗೊಂಡು, ವ್ಯತ್ಯಾಸವನ್ನ ವೇಗದಿಂದ ಭಾಗಿಸಿ, ವೇಗದ ಎದುರು ಗ್ರಾಫ್ ಹಾಕಿ, ಬೋರ್‌ವೆಲ್ ಟೆಸ್ಟಿನ ಅದೇ ಉಪಾಯ. ಗೆರೆ ಎಡಗಡೆ ಅಕ್ಷಕ್ಕೆ ತಾಗೋ ಜಾಗದಿಂದ ಪರ್ಮಿಯಬಿಲಿಟಿ (ಒಳಗೆ ನೀರು ಎಷ್ಟು ಸಲೀಸಾಗಿ ಹರಿಯುತ್ತೆ ಅನ್ನೋ ಅಳತೆ) ಸಿಗುತ್ತೆ, ಇಳಿಜಾರಿಂದ ಫೋರ್ಕ್‌ಹೈಮರ್ ಗುಣಾಂಕ, ಅಂದ್ರೆ ವರ್ಗದ ಪಾಲಿನ ಅಂಕಿ ಸಿಗುತ್ತೆ. ನೀರಿನ ಟೆಂಪರೇಚರ್ ಬರ್ಕೊಳ್ಳೋದು ಮಾತ್ರ ಮರೀಬೇಡಿ, ಬೆಳಗ್ಗೆ ಒಂದು ಸೆಟ್ ಮಧ್ಯಾಹ್ನ ಒಂದು ಸೆಟ್ ತಗೊಂಡ್ರೆ ತಾರಸಿ ಟ್ಯಾಂಕಿನ ನೀರು ಕಾದಿರುತ್ತೆ.